ಬಾರದ ಕಾಗದಕ್ಕೆ ಬರೆದ ಉತ್ತರ

ಟಪಾಲು ಕಚೇರಿಯಲ್ಲಿ ಕೆಲಸ ಮಾಡಿ ಹೊಟ್ಟೆ ಹೊರೆದ ನನ್ನಂಥವನಿಗೆ ಶಕುನ, ಕಣಿ, ಕನಸುಗಳಲ್ಲಿ ನಂಬಿಕೆ ಹುಟ್ಟುವುದು ಕಷ್ಟ. ಕಾಗದ ಹೊರಟ ದಿನ ಒಂದು ಮುದ್ರೆ, ಮುಟ್ಟಿದ ದಿನ ಇನ್ನೊಂದು ಮುದ್ರೆ. ಎರಡರ ನಡುವೆ ರೈಲೋ ಬಸ್ಸೋ ಹಡಗೋ ಇರಲೇಬೇಕು. ಸುದ್ದಿಗೆ ತಾನಾಗಿ ಕಾಲು ಬರುವುದಿಲ್ಲ ಎಂದು ಕೊತ್ತತ್ತಿಯ ನಮ್ಮ ಮನೆಯ ಹೆಂಗಸರೊಡನೆ ಎಷ್ಟೋ ಸಲ ವಾದ ಮಾಡಿದ್ದೇನೆ. ಈಗ ಆ ವಾದ ಮಾಡುವುದಿಲ್ಲ. ಏಕೆಂದು ಹೇಳಿಬಿಡುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎರಡನೆಯ ಮಹಾಯುದ್ಧ ಶುರುವಾದ ಮಾರನೆಯ ವರ್ಷ ನಾನು ಮಳವಳ್ಳಿಯ ಟಪಾಲು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಓದು ಬಾರದವರಿಗೆ ಕಾಗದ ಬರೆದುಕೊಡುವುದೂ ನನ್ನ ಪಾಲಿಗೆ ಬಂದಿತ್ತು. ಹಾಗೆ ಬರೆಸಿಕೊಳ್ಳುವವರಲ್ಲಿ ಅಮೀನಾಬಿಯವರು ಒಬ್ಬರು. ಗಂಡ ತೀರಿಕೊಂಡ ಮೇಲೆ ತಾವೇ ತಿದಿ ಒತ್ತಿ ಬೆಂಕಿ ಊದಿ, ಊರಿನ ಹಿತ್ತಾಳೆ ಪಾತ್ರೆಗಳಿಗೆ ತವರದ ಕಲಾಯಿ ಹಾಕಿ ಬದುಕುತ್ತಿದ್ದರು. ಊರಿಗೆಲ್ಲ ಅವರು ಕಲಾಯಿ ಬೂಬಮ್ಮ. ಒಬ್ಬನೇ ಮಗ ಬಷೀರ್ ಮೋಟಾರು ಮೆಕ್ಯಾನಿಕ್ಕು. ಶಿವನಸಮುದ್ರದ ಕಡೆ ಇದ್ದ ಇಂಗ್ಲಿಷ್ ಇಂಜಿನಿಯರೊಬ್ಬರು ತಮ್ಮ ದೇಶಕ್ಕೆ ಹಿಂತಿರುಗುವಾಗ ಅವನ ಕೈಕೆಲಸ ಮೆಚ್ಚಿ ಜೊತೆಗೆ ಕರೆದುಕೊಂಡು ಹೋಗಿದ್ದರು. ಲಂಡನ್ನಿನ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸವೂ ಆಯಿತು. ಅಷ್ಟರಲ್ಲಿ ಯುದ್ಧ ಬಂತು.

ಮೊದಲೆಲ್ಲ ಅವನ ಕಾಗದ ವಿಮಾನದಲ್ಲಿ ಬರುತ್ತಿತ್ತು. ಫ್ರಾನ್ಸು, ಇಟಲಿಗಳ ಮೇಲೆ ಹಾರಿ, ಈಜಿಪ್ಟು, ಬಸ್ರಾ ದಾಟಿ ಕರಾಚಿಗೆ. ಅಲ್ಲಿಂದ ರೈಲಿನಲ್ಲಿ ಮದ್ದೂರಿಗೆ, ಮದ್ದೂರಿನಿಂದ ಬಸ್ಸಿನಲ್ಲಿ ನಮ್ಮಲ್ಲಿಗೆ. ಒಂಬತ್ತು ದಿನ ಸಾಕಾಗುತ್ತಿತ್ತು. ಫ್ರಾನ್ಸು ಸೋತು ಇಟಲಿ ಯುದ್ಧಕ್ಕೆ ಇಳಿದ ಮೇಲೆ ಆ ಆಕಾಶ ಮುಚ್ಚಿಹೋಯಿತು. ನೆಲಕ್ಕೆ ಬೇಲಿ ಹಾಕುವುದನ್ನು ಕಂಡಿದ್ದೆವು. ಆಕಾಶಕ್ಕೂ ಬೇಲಿ ಬೀಳುತ್ತದೆಂದು ನಮಗೆ ತಿಳಿದದ್ದು ಆಗಲೇ. ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. ಇನ್ನು ಮುಂದೆ ಇಂಗ್ಲೆಂಡಿನ ಕಾಗದ ಹಡಗಿನಲ್ಲಿ ಆಫ್ರಿಕದ ದಕ್ಷಿಣದ ತುದಿಗೆ ಹೋಗಿ, ಅಲ್ಲಿಂದ ನೀರಿನ ಮೇಲಿಳಿಯುವ ವಿಮಾನದಲ್ಲಿ ಇಡೀ ಆಫ್ರಿಕ ದಾಟಿ ಕರಾಚಿಗೆ ಬರಬೇಕು. ಮೂರು ತಿಂಗಳೂ ಆಗಬಹುದು, ನಾಲ್ಕೂ ಆಗಬಹುದು.

ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟು ಈ ಸುತ್ತುದಾರಿಯನ್ನು ಅಮೀನಾಬಿಯವರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಅಷ್ಟು ದೊಡ್ಡ ಆಕಾಸ್ದಲ್ಲಿ ಒಂದು ಕಾಗ್ದ ಓಗಕ್ಕೆ ಜಾಗ ಇಲ್ವಾ ಸ್ವಾಮಿ?" ಎಂದರು.

ದೀಪಾವಳಿ ಕಳೆದ ಮೇಲೆ ಒಂದು ಶುಕ್ರವಾರ ಮಧ್ಯಾಹ್ನ ಅವರು ಕೈಯ ಮಸಿಯನ್ನೂ ತೊಳೆಯದೆ ಬಂದರು.

"ಬಸೀರಂಗೆ ಕಾಗ್ದ ಬರೀಬೇಕು ಸ್ವಾಮಿ."

"ಹೋದ ತಿಂಗಳು ತಾನೇ ಬರೆದೆವಲ್ಲಮ್ಮ? ಅದೇ ಇನ್ನೂ ಸಮುದ್ರದಲ್ಲಿರುತ್ತೆ."

"ಇರ್ಲಿ, ಇದ್ನೂ ಬರೀರಿ. ಕಣ್ಣಿಗೆ ಆಪರೇಸನ್ ಮಾಡುಸ್ಕೊ, ಎದ್ರುಕೋಬ್ಯಾಡ ಅನ್ನಿ. ನಮ್ಮಪ್ಪಂಗೂ ಮೈಸೂರ್ನಲ್ಲಿ ಪೊರೆ ತೆಗ್ದಿದ್ರು. ಆಮೇಲೆ ನನ್ನ ಮದ್ವೆ ಕಣ್ತುಂಬ ನೋಡ್ದ. ನನ್ನ ಮಾತಿಗೆ ಕಾಯ್ಕೊಂಡು ಕೂರ್ಬ್ಯಾಡ, ಡಾಕುಟ್ರು ಏಳ್ದಂಗೆ ಕೇಳು ಅನ್ನಿ."

ನಾನು ಲೇಖನಿ ಕೆಳಗಿಟ್ಟೆ. "ಅವನ ಕಣ್ಣಿಗೆ ಏನಾಯ್ತಮ್ಮ? ಯಾರು ಹೇಳಿದ್ರು?"

"ಯಾರೂ ಏಳ್ಲಿಲ್ಲ. ಬರೀರಿ."

ಅವರು ಅಳುತ್ತಿರಲಿಲ್ಲ, ಗಾಬರಿಯಾಗಿಯೂ ಇರಲಿಲ್ಲ. ಪಾತ್ರೆ ಎಷ್ಟು ಹೊತ್ತಿಗೆ ಕೊಡುತ್ತೇನೆಂದು ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದರು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಸಾಲುಗಳನ್ನು ಬಿಟ್ಟುಬಿಡೋಣವೆಂದು ನನಗೆ ಅನ್ನಿಸಿತು. ಯುದ್ಧಕಾಲದಲ್ಲಿ ಕಾಗದ ಒಡೆದು ಓದುತ್ತಿದ್ದ ಸೆನ್ಸಾರಿನವರಿಗೆ ಅನುಕೂಲವಾಗಲೆಂದು ನಾನು ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆ. ಕಣ್ಣು, ಪೊರೆ, ಮದುವೆ ಎಂದೆಲ್ಲ ಬುಡವಿಲ್ಲದ ಮಾತು ಕಂಡರೆ ಅವರು ಗುಪ್ತಸಂಕೇತವೆಂದು ತಿಳಿದು ಕಾಗದವನ್ನೇ ತಡೆದಾರೆಂಬ ಭಯ. ಕ್ಷೇಮ, ತಾಯಿಯ ದುವಾ ಎಂದು ಎರಡು ಸಾಲು ಬರೆದು ಮಡಿಸಿದ್ದರೆ ಆ ತಾಯಿಗೆ ಗೊತ್ತಾಗುತ್ತಿರಲಿಲ್ಲ. ಆದರೂ ಬರೆದೆ. ಮೊದಲು ನನ್ನ ಪುಸ್ತಕದಲ್ಲಿ ಕರಡು ಮಾಡಿ, ತಾರೀಖು ಹಾಕಿ, ಅವರು ಹೇಳಿದ್ದನ್ನು ಒಂದೂ ಬಿಡದೆ ಇಳಿಸಿ, ಅವತ್ತಿನ ಚೀಲಕ್ಕೇ ಹಾಕಿದೆ.

ಯುಗಾದಿಗೆ ಸ್ವಲ್ಪ ಮುಂಚೆ ಬಷೀರನ ಕಾಗದ ಬಂತು. ಅಂಚಿಗೆ ಸೆನ್ಸಾರಿನ ಪಟ್ಟಿ ಅಂಟಿಸಿತ್ತು. ಒಳಗಿದ್ದದ್ದು ಅವನ ಅಕ್ಷರವಲ್ಲ. ಅವನು ಹೇಳಿದ್ದನ್ನು ಆಸ್ಪತ್ರೆಯ ನರ್ಸೊಬ್ಬಳು ಇಂಗ್ಲಿಷಿನಲ್ಲಿ ಬರೆದಿದ್ದಳು. ಬಾಂಬು ಬಿದ್ದಾಗ ಕಾರ್ಖಾನೆಯ ಗಾಜು ಸಿಡಿದು ಅವನ ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದಕ್ಕೆ ಪೊರೆ ಕಟ್ಟಿತ್ತು. ಗಾಯ ಮಾಗಿದ ಮೇಲೆ, ಚಳಿಗಾಲ ಮುಗಿಯುವುದರೊಳಗೆ ಆಪರೇಷನ್ ಆಗಬೇಕು, ಇಲ್ಲದಿದ್ದರೆ ಅದೂ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು. 'ನನಗೆ ಧೈರ್ಯ ಸಾಲದು. ಅಮ್ಮ ಹೂಂ ಎನ್ನುವವರೆಗೆ ಕಣ್ಣು ಮುಟ್ಟಲು ಬಿಡುವುದಿಲ್ಲ' ಎಂದು ಕೊನೆಯಲ್ಲಿತ್ತು.

ಆ ಹೊತ್ತಿಗೆ ಅಲ್ಲಿ ಚಳಿಗಾಲ ಮುಗಿಯುತ್ತ ಬಂದಿತ್ತು. ಅವತ್ತೇ ಉತ್ತರ ಬರೆದರೂ ಅದು ಮುಟ್ಟಲು ಇನ್ನು ಮೂರು ತಿಂಗಳು ಬೇಕು. ಓದಿ ಅರ್ಥ ಹೇಳಿದಾಗ ಅಮೀನಾಬಿಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಏನು ಉತ್ತರ ಬರೆಯಲಿ ಎಂದು ಕೇಳಿದೆ.

"ಆಗ್ಲೇ ಬರ್ದಾಯ್ತಲ್ಲ ಸ್ವಾಮಿ" ಎಂದರು.

ಅವರು ಹೋದ ಮೇಲೆ ಕರಡಿನ ತಾರೀಖನ್ನೂ ಅವನ ಕಾಗದದ ತಾರೀಖನ್ನೂ ಪಕ್ಕಪಕ್ಕ ಇಟ್ಟು ಎಣಿಸಿದೆ. ಬಷೀರ್ ಬರೆಸಿದ್ದು ಒಂದು ಬುಧವಾರ. ಅದಾದ ಒಂಬತ್ತು ದಿನಕ್ಕೆ ಸರಿಯಾಗಿ ಆ ಶುಕ್ರವಾರ. ಹಳೆಯ ದಾರಿ ತೆರೆದಿದ್ದರೆ ಅವನ ಕಾಗದ ನಮ್ಮ ಕಚೇರಿಗೆ ಬರಬೇಕಾಗಿದ್ದ ದಿನ ಅದು. ನಾಲ್ಕು ಸಲ ಎಣಿಸಿದೆ. ನಮ್ಮ ಪೋಸ್ಟ್‌ಮಾಸ್ಟರ ಕೈಲೂ ಎಣಿಕೆ ಮಾಡಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಮಳೆಗಾಲದಲ್ಲಿ ಇನ್ನೊಂದು ಕಾಗದ ಬಂತು. ಅಕ್ಷರ ಸೊಟ್ಟ, ಆದರೆ ಬಷೀರನದೇ. ಚಳಿ ಬಿಡುವ ಮೊದಲೇ ಅಮ್ಮನ ಕಾಗದ ಮುಟ್ಟಿತ್ತು. ಇಂಗ್ಲಿಷಿನಲ್ಲಿದ್ದುದರಿಂದ ನರ್ಸೇ ಓದಿ ಹೇಳಿದಳಂತೆ. ಮಾರನೆಯ ವಾರ ಆಪರೇಷನ್ ಆಗಿ ಎಡಗಣ್ಣು ಉಳಿದಿತ್ತು. 'ನಿಮಗೆ ಇಷ್ಟು ಬೇಗ ಹೇಗೆ ತಿಳಿಯಿತು?' ಎಂದು ಕೇಳಿದ್ದ.

ಅದೇ ಪ್ರಶ್ನೆಯನ್ನು ನಾನೂ ಅವನ ತಾಯಿಗೆ ಕೇಳಿದೆ. ಕನಸು ಬಿತ್ತೇ, ಯಾರಾದರೂ ಕಾಣಿಸಿಕೊಂಡರೇ ಎಂದು ಕೆದಕಿದೆ.

"ಏನೂ ಇಲ್ಲ ಸ್ವಾಮಿ. ಪಾತ್ರೆ ಉಜ್ತಾ ಕೂತಿದ್ದೆ. ಬರುಸ್ಬೇಕು ಅನ್ನುಸ್ತು, ಎದ್ದು ಬಂದೆ" ಎಂದರು. ಬಚ್ಚಿಡುವ ಹೆಂಗಸಲ್ಲ ಅವರು.

ಯುದ್ಧ ಮುಗಿದ ಮರುವರ್ಷ ಬಷೀರ್ ಊರಿಗೆ ಬಂದ. ಬಸ್ಸು ನಿಲ್ಲುವ ಜಾಗದ ಹತ್ತಿರ ಸ್ಟೌ, ಲಾಟೀನು ರಿಪೇರಿಯ ಅಂಗಡಿ ಇಟ್ಟ. ಎಷ್ಟೋ ಸಂಜೆ ಅವನ ಬೆಂಚಿನ ಮೇಲೆ ಕೂತಿದ್ದೇನೆ. ಅಂದು ಆ ಸಾಲುಗಳನ್ನು ಬರೆಯದೆ ಬಿಡಲು ಹೊರಟಿದ್ದೆನೆಂಬುದನ್ನು ಒಂದು ದಿನ ಅವನಿಗೆ ಹೇಳಿಬಿಟ್ಟೆ. ಅವನು ಸ್ಟೌವಿನ ಬರ್ನರನ್ನು ಬೆಳಕಿಗೆ ಹಿಡಿದು, ಕೂದಲಿನಷ್ಟು ಸಣ್ಣ ತೂತಿಗೆ ಪಿನ್ನನ್ನು ಒಂದೇ ಸಲಕ್ಕೆ ತೂರಿಸುತ್ತ, "ಬರುದ್ರಲ್ಲ ಸ್ವಾಮಿ, ಸಾಕು ಬುಡಿ" ಎಂದ.

ಆ ತಾಯಿಗೆ ಹೇಗೆ ತಿಳಿಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ಬಿಡಬೇಕೆಂದುಕೊಂಡ ಸಾಲನ್ನು ನನ್ನ ಕೈ ಏಕೆ ಬರೆಯಿತೆಂಬುದೂ ಗೊತ್ತಿಲ್ಲ. ಬರೆಸಿದವರು ಯಾರೇ ಆಗಿರಲಿ, ಅವರಿಗೆ ಕೈ ಮುಗಿಯುತ್ತೇನೆ.