ಒಳಗಿನಿಂದ ಎರಡು ಬಡಿತ

ಓಹಾಯೋದ ಆ ಸಣ್ಣ ಊರಿನಲ್ಲಿ ಅಲ್ಯೂಮಿನಿಯಂ ಉಜ್ಜುವ ವಿಷಯಕ್ಕೆ ಬಂದರೆ ಡೆಲ್ಬರ್ಟ್ ನಿಸ್‌ವಾಂಗರನ ಮಾತೇ ಕೊನೆಯ ಮಾತು. ಕಾರಿನ ಹಿಂದೆ ಕಟ್ಟಿ ಎಳೆಯುವ ಹಳೇ ಟ್ರೇಲರ್ ಮನೆ ಮಂಕು ಬಡಿದು ಅವನ ಶೆಡ್ಡಿಗೆ ಬಂತೆಂದರೆ, ತಿಂಗಳೊಳಗೆ ಅದರ ಮೈ ನೋಡಿಕೊಂಡು ಗಡ್ಡ ಹೆರೆಯಬಹುದು. ಹೆರೆದುಕೊಳ್ಳದವನು ಡೆಲ್ಬರ್ಟ್ ಒಬ್ಬನೇ. ಎಪ್ಪತ್ತಮೂರರ ಆ ಮುಖ ಪಾಲಿಷಿನ ಕರಿ ಮೆತ್ತಿಕೊಂಡು ಸದಾ ಬಾಣಲೆಯ ತಳದಂತೆ ಇರುತ್ತಿತ್ತು.

ಈ ಸಲ ಬಂದದ್ದು ಅರವತ್ತನಾಲ್ಕನೆಯ ಇಸವಿಯ ಗಾಡಿ. ಒಳಗೋಡೆಯನ್ನೆಲ್ಲ ಕಳಚಿಟ್ಟಿದ್ದರಿಂದ ಹೊರತಗಡನ್ನು ಹಿಡಿದಿಡುವ ರಿವೆಟ್ ಮೊಳೆಗಳ ಬಾಲ ಒಳಗಡೆ ಎದ್ದು ಕಾಣುತ್ತಿತ್ತು. ಹಳೇ ವಾರ್ನಿಷ್ ಕಿತ್ತು, ಉಜ್ಜುವ ಯಂತ್ರಕ್ಕೆ ಉಣ್ಣೆಯ ಚಕ್ರ ಹಚ್ಚಿ ಅರ್ಧ ಮೈ ಉಜ್ಜಿಯಾಗಿತ್ತು. ಆದರೆ ಕೈ ಮುಂದಕ್ಕೆ ಹೋಗುತ್ತಿರಲಿಲ್ಲ. ಬರುವ ಭಾನುವಾರ ಮಗಳು ಜನೆಲ್ ಬಂದು ತಾಯಿಯನ್ನು ಆರೈಕೆ ಮನೆಗೆ ಸೇರಿಸುವವಳಿದ್ದಳು.

ಡೆಲ್ಬರ್ಟನ ಹೆಂಡತಿ ಆರ್ಡಿತ್‌ಗೆ ಮಾರ್ಚ್‌ನಲ್ಲಿ ಪಾರ್ಶ್ವವಾಯು ಹೊಡೆದು ಬಲಗೈಯೂ ಮಾತೂ ಒಟ್ಟಿಗೇ ಹೋದವು. ತಿನ್ನಿಸಿದರೆ ತಿನ್ನುತ್ತಾಳೆ. ಹೆಸರು ಹಿಡಿದು ಕರೆದರೆ ಕಿಟಕಿ ನೋಡುತ್ತಾಳೆ. ಅವಳಿಗೆ ಏನಾದರೂ ತಿಳಿಯುತ್ತದೆಯೇ ಎಂದು ಕೇಳಿದರೆ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಎಂಟು ತಿಂಗಳು ನೋಡಿಕೊಂಡು ಸೋತ ಮನುಷ್ಯ, ಮೊನ್ನೆ ಅವಳಿಗೆ ಸೂಪು ಕುಡಿಸುತ್ತಲೇ ಫೋನಿನಲ್ಲಿ ಮಗಳಿಗೆ ಹೇಳಿಬಿಟ್ಟ.

"ಇವಳೊಳಗೆ ನಿಮ್ಮಮ್ಮ ಇಲ್ಲ ಕಣಮ್ಮಾ. ಬಂದು ಕರ್ಕೊಂಡ್ಹೋಗು."

ಹೇಳಿದ ಮೇಲೆ ಅದು ನಿಜವೋ ಸುಳ್ಳೋ ಅವನಿಗೇ ತಿಳಿಯಲಿಲ್ಲ.

ಗಂಡಹೆಂಡಿರಿಬ್ಬರೂ ಒಂದು ಕಾಲದಲ್ಲಿ ಟ್ರೇಲರ್ ಕಾರ್ಖಾನೆಯಲ್ಲಿ ಜೋಡಿಯಾಗಿ ದುಡಿದವರು. ಹೊರಗೆ ಅವನು ಗನ್ನು ಹಿಡಿದು ರಿವೆಟ್ ಹೊಡೆಯಬೇಕು, ಒಳಗೆ ಅವಳು ಅದರ ಬಾಲ ಚಪ್ಪಟೆಯಾಗಿ ಕೂರುವಂತೆ ಕಬ್ಬಿಣದ ಗಟ್ಟಿಯನ್ನು ಎದುರು ಒತ್ತಿ ಹಿಡಿಯಬೇಕು. ನಡುವೆ ತಗಡು, ಮುಖ ಕಾಣದು, ಗದ್ದಲದಲ್ಲಿ ಮಾತು ಕೇಳದು. ಅದಕ್ಕೇ ಬಡಿತದ ಭಾಷೆ. ಒಳಗಿನಿಂದ ಒಂದು ಬಡಿದರೆ ಸರಿಯಾಗಿದೆ, ಮುಂದಕ್ಕೆ ನಡಿ. ಎರಡು ಬಡಿದರೆ ಇನ್ನೂ ಕೂತಿಲ್ಲ, ಮತ್ತೆ ಹೊಡಿ. ಮೂರು ಬಡಿದರೆ ಕೆಟ್ಟಿದೆ, ಕಿತ್ತುಹಾಕು. ಹನ್ನೊಂದು ವರ್ಷದಲ್ಲಿ ಆರ್ಡಿತ್ ಮೂರು ಬಡಿಯುವುದಕ್ಕೆ ಎಂದೂ ದಾಕ್ಷಿಣ್ಯ ಪಟ್ಟವಳಲ್ಲ.

ಗುರುವಾರ ಅವಳೊಬ್ಬಳನ್ನೇ ಮನೆಯಲ್ಲಿ ಬಿಡಲಾಗದೆ ಡೆಲ್ಬರ್ಟ್ ಗಾಡಿಯೊಳಗೇ ಕುರ್ಚಿ ಹಾಕಿ, ಕಂಬಳಿ ಹೊದಿಸಿ, ಗೋಡೆಯ ಪಕ್ಕ ಕೂರಿಸಿದ. ಹೊರಗೆ ಬಂದು ಚಕ್ರ ಓಡಿಸಿದ. ಕಿಟಕಿಯ ಕೆಳಗೆ ಒಂದು ರಿವೆಟ್ಟಿನ ಸುತ್ತ ಕರಿ ಒಸರುತ್ತಿತ್ತು. ಎಷ್ಟು ಒರೆಸಿದರೂ ಮತ್ತೆ ಅದೇ. ಸಡಿಲವಾಗಿರಬೇಕು ಎಂದು ಯಂತ್ರ ಆರಿಸಿ, ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದ.

ಒಳಗಿನಿಂದ ಟಕ್, ಟಕ್ ಎಂದು ಎರಡು ಸದ್ದು ಬಂತು.

ಡೆಲ್ಬರ್ಟ್ ಕಕ್ಕಾಬಿಕ್ಕಿಯಾದ. ಕುರ್ಚಿ ತಾಗಿರಬಹುದು. ಎಡಗೈಯ ಉಂಗುರ ಬಡಿದಿರಬಹುದು. ಪಕ್ಕದ ಬಿಗಿಯಾದ ರಿವೆಟ್ಟನ್ನು ಕುಟ್ಟಿದ, ಒಂದೇ ಸದ್ದು. ಮತ್ತೆ ಸಡಿಲದ್ದನ್ನು ಕುಟ್ಟಿದ, ಎರಡು.

ಅದರ ಕೆಳಗಿನದು ಹೋದ ವಾರ ಪಕ್ಕದ ಮನೆಯ ವೆಂಡೆಲನನ್ನು ಒಳಗೆ ನಿಲ್ಲಿಸಿಕೊಂಡು ಹೊಡೆದದ್ದು. ಅವನ ಕೈಯ ಕಬ್ಬಿಣದ ಗಟ್ಟಿ ಜಾರಿ ಬಾಲ ಸೊಟ್ಟಗಾಗಿತ್ತು. ಒಳಗೋಡೆ ಮುಚ್ಚಿದ ಮೇಲೆ ಯಾವನು ನೋಡುತ್ತಾನೆ ಬಿಡು ಎಂದಿದ್ದ ವೆಂಡೆಲ್; ಡೆಲ್ಬರ್ಟನೂ ಬಿಟ್ಟಿದ್ದ. ಹೊರಗಡೆ ಅದು ಕನ್ನಡಿಯಂತೆ ಹೊಳೆಯುತ್ತಿತ್ತು. ಅದನ್ನು ಅಂಜಿಕೊಂಡೇ ಕುಟ್ಟಿದ.

ಮೂರು ಬಡಿತ ಬಂತು.

ಒಳಗೆ ಓಡಬೇಕೆನಿಸಿತು. ಆದರೆ ಹೋಗಿ ನೋಡಿದರೆ ಎಂದಿನಂತೆ ಕಿಟಕಿ ನೋಡುತ್ತ ಕೂತಿದ್ದರೆ? ಬಡಿದದ್ದು ಅವಳೋ, ಹನ್ನೊಂದು ವರ್ಷದ ರೂಢಿಯಿಂದ ಕೈ ತಾನೇ ಬಡಿಯಿತೋ? ಅವಳೇ ಎಂದಾದರೆ ಸೂಪು ಕುಡಿಸಿದ ಸಂಜೆಯೂ ಅವಳು ಅಲ್ಲೇ ಇದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತನಗಾಗುತ್ತಿರುವುದು ಸಂತೋಷವೋ ನಾಚಿಕೆಯೋ ತಿಳಿಯದೆ ಅವನು ನಿಂತ. ಎದುರಿನ ತಗಡಿನಲ್ಲಿ ಅವನದೇ ಕರಿಮುಖ ಬಾಯಿ ಬಿಟ್ಟುಕೊಂಡಿತ್ತು. ಆ ತಗಡಿಗೇ ಬಾಯಿ ಹತ್ತಿರ ತಂದು ಮಾತಾಡಿದ.

"ಆರ್ಡಿತ್, ಜನೆಲ್‌ಗೆ ನಾನು ತಪ್ಪು ಹೇಳ್ದೆ ಕಣೇ. ಭಾನುವಾರ ಬರೋದ್ ಬೇಡ ಅಂತ ಫೋನ್ ಮಾಡ್ತೀನಿ. ನೀನು ಇಲ್ಲೇ ಇರು."

ತಗಡಿಗೆ ಕಿವಿ ಹಚ್ಚಿದ. ತಾನೊಬ್ಬ ಮುದಿ ಮರುಳ ಎಂದುಕೊಂಡು ಯಂತ್ರಕ್ಕೆ ಕೈ ಹಾಕುವಷ್ಟರಲ್ಲಿ ತಗಡಿನ ಆಚೆಯಿಂದ ಒಂದು ಬಡಿತ ಬಂತು.

ಎರಡನೆಯದು ಬರುತ್ತದೇನೋ ಎಂದು ಡೆಲ್ಬರ್ಟ್ ಉಸಿರು ಹಿಡಿದು ಕಾದ. ಬರಲಿಲ್ಲ.