ಮೂಲೆ ತಿರುಗಿದ ಅಲ್ಯುಮಿನಿಯಂ

ನಗು ಅನ್ನುವುದು ನಮ್ಮಿಬ್ಬರಿಗೂ ಅಂಟಿದ ಕಾಯಿಲೆಯಾಗಿತ್ತು. ತೊಂಬತ್ತರ ದಶಕದ ಕೊನೆ, ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗಿನ ಕಡೇ ವರ್ಷ. ಇಡೀ ಕ್ಲಾಸಿಗೆ ಹುಡುಗಿಯರೆಂದರೆ ನಾನು ಮತ್ತು ಹರಿಹರದಿಂದ ದಿನಾ ಬಸ್ಸಿಗೆ ಬರುತ್ತಿದ್ದ ನನ್ನ ಗೆಳತಿ. ಪ್ರಾಜೆಕ್ಟ್ ಹಂಚುವಾಗ ನಮ್ಮ ಗೈಡ್ ಸರ್ ಹುಡುಗರಿಗೆಲ್ಲ ಮಷಿನ್ನು ಕೊಟ್ಟು, ನಮ್ಮ ಮುಂದೆ ಮಾತ್ರ ನೀರಿನ ಪಂಪಿನ ಡ್ರಾಯಿಂಗ್ ಇಟ್ಟರು.

"ನಿಮಗ್ಯಾಕ್ರಮ್ಮಾ ವರ್ಕ್‌ಶಾಪಿನ ಗ್ರೀಸು? ಇದನ್ನ ಕುಂತಲ್ಲೇ ಮುಗಿಸ್ರಿ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಲೈಬ್ರರಿಯ ಪತ್ರಿಕೆಯೊಂದರಲ್ಲಿ ಓದಿದ್ದನ್ನೆಲ್ಲ ಅಲ್ಲೇ ಒದರಿಬಿಟ್ಟೆ. ಲೋಹ ಹೊರಗೆ ಎಷ್ಟೇ ನುಣುಪಾಗಿದ್ದರೂ ಒಳಗಿರುವುದು ಒಂದಕ್ಕೊಂದು ಒತ್ತಿ ಕೂತ ಹರಳುಗಳು, ಗ್ರೇನ್ ಅನ್ನುತ್ತಾರೆ. ಅವು ಸಣ್ಣದಾದಷ್ಟೂ ಲೋಹ ಗಟ್ಟಿ. ನಡುವೆ ಮೂಲೆ ತಿರುಗುವ ತೂತಿರುವ ಅಚ್ಚಿನೊಳಕ್ಕೆ ಅಲ್ಯುಮಿನಿಯಂ ಸರಳನ್ನು ಒತ್ತಿ ಆಚೆ ತೆಗೆದರೆ, ಸರಳಿನ ದಪ್ಪ ಹಾಗೇ ಇರುತ್ತದೆ, ಒಳಗಿನ ದಪ್ಪ ರವೆ ಮಾತ್ರ ಚಿರೋಟಿ ರವೆಯಾಗುತ್ತದೆ. ದಪ್ಪ ಬದಲಾಗದ್ದರಿಂದ ಅದೇ ಸರಳನ್ನು ಮತ್ತೆ ಮತ್ತೆ ಒತ್ತಬಹುದು.

ಸರ್ ಹುಬ್ಬೇರಿಸಿದರು. "ದಸರಾ ರಜಾ ಮುಗಿದ ಕೂಡ್ಲೇ ಒತ್ತಿದ ಪೀಸಿನ ಗ್ರೇನ್ ನನಗೆ ತೋರಿಸ್ರಿ. ಇಲ್ಲಾಂದ್ರೆ ಪಂಪು."

ಕರೂರು ಕೈಗಾರಿಕಾ ಪ್ರದೇಶದಲ್ಲಿ ಗೆಳತಿಯ ಸೋದರಮಾವ ರೈಸ್‌ಮಿಲ್ಲಿನ ಬಿಡಿಭಾಗ ಮಾಡುವ ಶೆಡ್ ಇಟ್ಟಿದ್ದರು. ಅಚ್ಚಿನ ಡ್ರಾಯಿಂಗ್ ನೋಡಿ, "ಸೊಟ್ಟ ತೂತಿನಾಗೆ ನೆಟ್ಟಗಿರೋ ಸರಳು ತುರುಕ್ತೀರೇನ್ರವ್ವಾ? ನಿಮಗೇನು ಹುಚ್ಚು ಹಿಡದೈತಾ?" ಅಂದರು. ಅಂದವರೇ ಅಚ್ಚು ಮಾಡಿಕೊಟ್ಟರು. ಮೊದಲ ಸರಳು ಒಳಗೇ ಕಚ್ಚಿಕೊಂಡಿತು. ಎರಡನೆಯದಕ್ಕೆ ಗ್ರೀಸು ಹಚ್ಚುವಾಗ ನಾನು ಮೊಣಕೈವರೆಗೂ ಬಳಿದುಕೊಂಡೆ, ಬೇಕೆಂದೇ. ಸರಳನ್ನು ಒತ್ತುವ ಪ್ರೆಸ್ಸಿನ ಹಿಡಿಗೆ ಮೂವರೂ ಜೋತುಬಿದ್ದೆವು. ಬೆಳ್ಳನೆಯ ತುದಿ ಅಚ್ಚಿನ ಪಕ್ಕದಿಂದ ಚಕ್ಕುಲಿಯಂತೆ ಮೆಲ್ಲಗೆ ಇಣುಕಿದಾಗ ಮಾವನೇ ಮೊದಲು ಕೂಗಿದ್ದು: "ಬಂತಲೇ, ಬಂತು!" ಅದನ್ನೇ ತಿರುಗಿಸಿ, ಮತ್ತೆ ಒತ್ತಿ, ಮತ್ತೆ ತಿರುಗಿಸಿ, ಕೈ ಸೋಲುವ ತನಕ ಒತ್ತಿದೆವು.

ಒಂದು ತುಂಡು ಕತ್ತರಿಸಿಕೊಂಡು ಹರಿಹರಕ್ಕೆ ಹೋದೆವು. ಗ್ರೇನ್ ಕಾಣಬೇಕಾದರೆ ಮೊದಲು ಲೋಹ ಕನ್ನಡಿಯಾಗಬೇಕು. ಗೆಳತಿಯ ಮನೆಯ ಜಗಲಿಯಲ್ಲಿ ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಉಜ್ಜುತ್ತ ಕೂತೆವು.

"ಏನ್ರೇ ಅದು, ಬೆಳ್ಳಿನಾ?" ಅವಳ ತಾಯಿ ಕೇಳಿದರು.

"ಅಲ್ಯುಮಿನಿಯಂ, ಅಮ್ಮಾ."

"ನಾನು ದಿನಾ ಅಲ್ಯುಮಿನಿಯಂ ಬೋಗುಣಿ ತಿಕ್ತೀನಿ. ನನಗ್ಯಾವನೂ ಡಿಗ್ರಿ ಕೊಡ್ಲಿಲ್ಲ ನೋಡು!"

ಆವತ್ತು ನಕ್ಕ ನಗುವಿಗೆ ಪಕ್ಕೆ ಹಿಡಿದುಕೊಂಡಿತು.

ರಜೆ ಮುಗಿಯಿತು. ಕಾಲೇಜಿನ ಲ್ಯಾಬಿನಲ್ಲಿ ತುಂಡನ್ನು ಆಮ್ಲಕ್ಕೆ ಅದ್ದಿ, ತೊಳೆದು, ಮೈಕ್ರೋಸ್ಕೋಪಿನ ಕೆಳಗಿಟ್ಟೆವು. ಒತ್ತದ ಸರಳಿನಲ್ಲಿ ಹರಳುಗಳು ಗದ್ದೆಯ ಬದುಗಳ ಹಾಗೆ ಗೆರೆ ಕೊರೆದು ಕಾಣುತ್ತಿದ್ದವು. ಒತ್ತಿದ್ದರಲ್ಲಿ ಏನೂ ಇಲ್ಲ. ಬರೀ ಬೂದು ಮಂಕು. ಮತ್ತೆ ಉಜ್ಜಿದೆವು, ಮತ್ತೆ ಅದ್ದಿದೆವು. ಅದೇ ಮಂಕು. ಗೆಳತಿಯ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಸರ್ ಒಳಗೆ ಬಂದರು.

"ಎಲ್ರಮ್ಮಾ ಗ್ರೇನು?"

"ಇಲ್ಲ ಸರ್," ಅಂದಳು ಗೆಳತಿ.

"ಹಂಗಾರೆ ಪಂಪು."

ಸಿಟ್ಟಿಗೆ ನಾನು ಆ ತುಂಡನ್ನು ಎತ್ತಿಕೊಂಡು ಹೋಗಿ ಗಡಸುತನ ಅಳೆಯುವ ಯಂತ್ರಕ್ಕೆ ಕೊಟ್ಟೆ. ಅದು ಚಿಕ್ಕ ಗುಂಡಿನಿಂದ ಲೋಹವನ್ನು ಒತ್ತಿ ಗುಳಿ ಬೀಳಿಸುತ್ತದೆ. ಒತ್ತದ ಸರಳಿನಲ್ಲಿ ಅಗಲವಾದ ಗುಳಿ ಬಿತ್ತು. ಒತ್ತಿದ್ದರಲ್ಲಿ ಬಿದ್ದದ್ದು ಪುಟಾಣಿ ಗುಳಿ. ಇನ್ನೊಂದು ಜಾಗದಲ್ಲಿ ನೋಡಿದೆ, ಅಲ್ಲೂ ಪುಟಾಣಿ. ಗುಳಿ ಸಣ್ಣದಾದರೆ ಲೋಹ ಗಟ್ಟಿಯಾಗಿದೆ ಅಂತಲೇ ಅರ್ಥ.

"ಸರ್, ಗ್ರೇನ್ ಇಲ್ಲ ಅಂತಲ್ಲ! ಈ ಮೈಕ್ರೋಸ್ಕೋಪಿಗೆ ಕಾಣದಷ್ಟು ಸಣ್ಣ ಆಗ್ಯಾವೆ!"

"ಸುತ್ತಿಗೆಲಿ ಬಡಿದ್ರೂ ಲೋಹ ಗಟ್ಟಿ ಆಗ್ತೈತಮ್ಮಾ. ಕಾಣದೆ ಹೆಂಗೆ ನಂಬಲಿ?"

ಅದೂ ನ್ಯಾಯವೇ. ಆದರೆ ಬಾಯಿ ನನ್ನ ಕೈಲಿ ಇರಲಿಲ್ಲ. "ಬಡಿದು ಗಟ್ಟಿ ಆಗಿದ್ರೆ ಹರಳು ಉದ್ದುದ್ದ ಆಗಿ ಕಾಣಬೇಕಿತ್ತು ಸರ್. ಒಂಚೂರು ಕಾಯಿಸಿ ನೋಡೋಣ. ಬಿಸಿಗೆ ಹರಳು ಬೆಳೀತಾವೆ. ಕಾಣೋಷ್ಟು ಬೆಳೆದ್ರೆ ಸಾಕಲ್ಲ?"

ಸರ್ ಹೋಗಿ ಕುಲುಮೆಯ ಸ್ವಿಚ್ ಒತ್ತಿದರು. ತುಂಡು ಹದವಾಗಿ ಕಾದು, ಆರಿ, ಮತ್ತೆ ಉಜ್ಜಿಸಿಕೊಂಡು ಆಮ್ಲದಿಂದ ಎದ್ದುಬರುವ ತನಕ ನಾವಿಬ್ಬರೂ ಒಬ್ಬರ ಕೈ ಒಬ್ಬರು ಹಿಚುಕಿಕೊಂಡು ಕೂತಿದ್ದೆವು.

ಮೊದಲು ನೋಡಿದವಳು ನಾನು. ಮಂಕು ಹರಿದಿತ್ತು. ಅದರ ಜಾಗದಲ್ಲಿ ಅಂಚಿನಿಂದ ಅಂಚಿನವರೆಗೂ ಪುಟಾಣಿ ಹರಳುಗಳು! ಮೂಲ ಸರಳಿನ ಒಂದೇ ಒಂದು ಹರಳಿನ ಜಾಗದಲ್ಲಿ ಒಂದು ಊರಿನ ಜನವೇ ಸೇರಿದಷ್ಟು ಕಿಕ್ಕಿರಿದಿದ್ದವು. ಕಿರುಚಿದೆ. ಗೆಳತಿ ನನ್ನನ್ನು ತಳ್ಳಿ ನೋಡಿ ಅವಳೂ ಕಿರುಚಿದಳು. ಸರ್ ನಮ್ಮಿಬ್ಬರನ್ನೂ ಸರಿಸಿ ಸ್ಟೂಲಿನ ಮೇಲೆ ಕೂತರು.

ಕೂತವರು ಏಳಲೇ ಇಲ್ಲ. ಗೆಳತಿ ತಡೆಯಲಾರದೆ, "ಸರ್, ಸ್ವಲ್ಪ ಸರೀರಿ, ನಮ್ಮ ಪೀಸು ಅದು!" ಅಂದುಬಿಟ್ಟಳು.

"ಇರ್ರಮ್ಮಾ, ಇರ್ರಿ," ಅಂದರು ಸರ್, ಕಣ್ಣು ತೆಗೆಯದೆ. "ನಾಳೆ ಇನ್ನೊಂದು ಸರಳು ಒತ್ತೋಕೆ ಕರೂರಿಗೆ ಎಷ್ಟೊತ್ತಿಗೆ ಹೋಗ್ತೀರಿ? ನನ್ನೂ ಕರ್ಕಂಡೋಗ್ರಿ."