ಬಣ್ಣದ ಕೋಣೆಯಲ್ಲಿ ತುಂಬಿದ ಉಡಿ

ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಪಕ್ಕದ ಮನೆಯ ಶಾಂತಮ್ಮ ಬಾಗಿಲಲ್ಲೇ ನಿಂತು ಕೂಗಿದಳು: "ಅಕ್ಕಾ, ನಾಟಕದಾಕಿ ಬಂದಾಳ. ಉಡಿ ತುಂಬಾಕ ನಿಮ್ಮನ್ನ ಕರಿ ಅಂದಾರ. ಲಗೂ ಬರ್ರಿ, ರೊಟ್ಟಿ ಎಲ್ಲಿ ಓಡಿ ಹೋಗ್ತಾವು!"

ನಮ್ಮೂರು ಪೋತ್ನಾಳದಲ್ಲಿ ಓಣಿಯವರೇ ಆಡುವ ನಾಟಕವದು. ಹೆಣ್ಣಿನ ಪಾತ್ರಕ್ಕೆ ಮಾತ್ರ ಹೊರಗಿನಿಂದ ನಟಿಯನ್ನು ಕರೆಸುತ್ತಾರೆ. ತೆರೆ ಏಳುವ ಮುಂಚೆ ಓಣಿಯ ಮುತ್ತೈದೆಯೊಬ್ಬಳು ಆಕೆಗೆ ಎಲ್ಲಮ್ಮನ ಹೆಸರಲ್ಲಿ ಉಡಿ ತುಂಬುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಿಡಿದು ಶಾಂತಮ್ಮನ ಜೊತೆ ಬಣ್ಣದ ಕೋಣೆಗೆ ಹೋದೆ. ಹಣೆತುಂಬ ಕುಂಕುಮ ಹಚ್ಚಿ, ಕೈತುಂಬ ಹಸಿರು ಬಳೆ ತೊಟ್ಟು ಕೂತಿದ್ದ ಆಕೆ ನನ್ನನ್ನು ಕಂಡು ಎದ್ದು ಹಿಂದೆ ಸರಿದಳು.

"ಬ್ಯಾಡ್ರಿ ಯವ್ವಾ. ಈ ಕುಂಕುಮ ಪಾತ್ರಕ್ಕ ಹಚ್ಚಿದ್ದು. ನನ್ನ ಗಂಡ ತೀರಿಹೋಗಿ ಮೂರು ತಿಂಗಳಾತು. ದೇವರ ಅಕ್ಕಿ ಸುಳ್ಳು ಹೇಳಿ ತಗೊಳ್ಳಾಂಗಿಲ್ಲ."

ಶಾಂತಮ್ಮ ನನ್ನ ಸೆರಗು ಜಗ್ಗಿದಳು. ನನ್ನ ಕೈಯೂ ಒಂದು ಗಳಿಗೆ ಹಿಂದಾಯಿತು, ಮುಚ್ಚಿಡುವುದಿಲ್ಲ. ಆದರೆ ಯಾರೂ ಕೇಳದೆಯೇ ನಿಜ ಹೇಳಿದವಳ ಮುಂದೆ ನನಗೇ ನಾಚಿಕೆಯಾಯಿತು.

"ಎಲ್ಲಮ್ಮನ ಹೆಸರಿಲೆ ತಂದೀನಿ ತಂಗಿ, ತಿರುಗಿ ಒಯ್ಯಾಂಗಿಲ್ಲ. ಸೆರಗ ಒಡ್ಡು."

ಆಕೆ ಒಡ್ಡಿದಳು. ಅಕ್ಕಿಯ ಮೇಲೆ ಕಣ್ಣೀರು ಬಿತ್ತು. ಉಡಿಯ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ರಂಗಕ್ಕೆ ಹೋದವಳು ನಾಟಕ ಮುಗಿಯುವವರೆಗೂ ಬಿಚ್ಚಲಿಲ್ಲ.

ಓಣಿಯಲ್ಲಿ ನಾಲ್ಕು ಮಾತು ಬಂದವು, ಬರಲಿ. ಹಿಂದಾದ ಕೈಯನ್ನು ಎಲ್ಲಮ್ಮ ತಾಯಿ ಮುಂದೆ ತಂದಳಲ್ಲ, ಅಷ್ಟು ಕೃಪೆ ನನಗೆ ಸಾಕು. ಮರುದಿನ ಮೆಣಸಿನಕಾಯಿ ಬಿಸಿಲಿಗೆ ಹರವಲು ಮಾಳಿಗೆ ಹತ್ತಿದೆ.